ಹೆಲ್ಸಿಂಕಿಯ ಸೂರ್ಯ, ಅತ್ತೆಯ ಊಟ

ಮೂಡಲಗಿ

ಸೂರ್ಯ ಮುಳುಗುವುದಕ್ಕೂ ಮೊಬೈಲ್ ಫೋನಿಗೂ ಏನು ಸಂಬಂಧ ಎಂದು ವೀಸಾ ಕೊಡುವ ಕಚೇರಿಯಲ್ಲಿ ನನ್ನನ್ನು ಕೇಳಿದ್ದರು. ಇವತ್ತಿಗೂ ನಮ್ಮ ಬಳಗದವರು ಅದನ್ನೇ ಕೇಳುತ್ತಾರೆ. ಆ ಕಚೇರಿಯ ಕಿಟಕಿಯಲ್ಲಿ ನಿಂತು ಎರಡೇ ಮಾತಿನಲ್ಲಿ ಮುಗಿಸಿದ್ದೆ, ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ನಮ್ಮದು ಮೂಡಲಗಿಯ ಜೈನ ಮನೆತನ, ಬೆಲ್ಲದ ವ್ಯಾಪಾರ. ನಾನು ಗೋಕಾಕದ ಒಂದು ಪಾಲಿಟೆಕ್ನಿಕ್ಕಿನಲ್ಲಿ ದೂರಸಂಪರ್ಕದ ಪಾಠ ಹೇಳುವವಳು. ಮನೆಯಲ್ಲಿ ಅತ್ತೆ ಪದ್ಮವ್ವನವರು ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುವುದಿಲ್ಲ. ಮದುವೆಯಾಗಿ ಬಂದ ವರ್ಷ ಮುನಿಗಳ ಮುಂದೆ ಹಿಡಿದ ನೇಮ. ಮಕ್ಕಳು ಹುಟ್ಟಿದಾಗ, ಮಾವನವರು ತೀರಿಕೊಂಡಾಗ, ಮೈಯಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಹುಕ್ಕೇರಿಯ ಡಾಕ್ಟರು ಗದರಿದಾಗ, ಯಾವಾಗಲೂ ತಪ್ಪಿದ್ದಿಲ್ಲ. ಬೇಸಿಗೆಯಲ್ಲಿ ತೊಂದರೆಯಿಲ್ಲ, ಮಾಳಿಗೆ ಹತ್ತಿದರೆ ಸೂರ್ಯ ಕಣ್ಣೆದುರಿಗೇ ಇರುತ್ತಾನೆ. ಮಳೆಗಾಲದಲ್ಲಿ ಮೋಡ ಕವಿದರೆ ಪಂಚಾಂಗ ನೋಡಬೇಕು. ಆದರೆ ವ್ಯಾಪಾರಕ್ಕೆಂದು ಮುಂಬೈಗೋ ಹಾಸನಕ್ಕೋ ಹೋದವರಿಗೆ ಊರಿನ ಪಂಚಾಂಗ ನಡೆಯುವುದಿಲ್ಲ. ಊರು ಬದಲಾದರೆ ಹೊತ್ತು ಮುಳುಗುವ ವೇಳೆಯೂ ಬದಲಾಗುತ್ತದೆ.

ಮಾವನವರು ಇದ್ದಾಗ ಬೆಲ್ಲದ ಲಾರಿಯ ಜೊತೆ ಸಾಂಗ್ಲಿ, ಕೊಲ್ಲಾಪುರ ಎಂದು ತಿರುಗುತ್ತಿದ್ದರು. ಸಂಜೆಯಾಯಿತೆಂದರೆ ಅತ್ತೆ ಹೊಸ್ತಿಲಲ್ಲಿ ನಿಂತು, "ಎಲ್ಲಿ ಅದಾರೋ ಏನೋ, ಉಂಡಾರೋ ಇಲ್ಲೋ," ಎಂದು ಬೀದಿಗೆ ಕೇಳಿಸುವಂತೆ ಹೇಳಿಕೊಳ್ಳುತ್ತಿದ್ದರು. ನಾನು ಆಗ ಹೊಸ ಸೊಸೆ. ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಮೊಬೈಲು ನಮ್ಮ ಕಡೆ ಬಂದ ಹೊಸತು ಅದು. ಮೂಡಲಗಿಯಲ್ಲಿ ಮಾಳಿಗೆ ಹತ್ತಿದರೆ ಸಿಗ್ನಲ್ಲು, ಇಳಿದರೆ ಇಲ್ಲ. ನನ್ನ ಜೊತೆ ಪಾಠ ಹೇಳುವ ತುಕ್ಕಾನಟ್ಟಿಯ ಈರಣ್ಣ ಮಾಸ್ತರರು ಒಂದು ದಿನ ಚಹಾ ಕುಡಿಯುತ್ತ ಒಂದು ಮಾತು ತೆಗೆದರು.

"ಮೇಡಮ್, ಯಾವ ಫೋನು ಯಾವ ಟಾವರಿನ ಬುಡಕ ಐತಿ ಅಂತ ನೆಟ್‌ವರ್ಕಿಗೆ ಗೊತ್ತ ಇರತೈತಿ. ಇಲ್ಲಂದ್ರ ಕಾಲ್ ಹೆಂಗ ತಲಪಿಸ್ತೈತಿ? ಅದನ್ನ ನಮಗ ಹೇಳಿದ್ರ, ಆ ಊರಾಗ ಹೊತ್ತ ಯಾವಾಗ ಮುಳಗತೈತಿ ಅಂತ ನಾವು ಲೆಕ್ಕಾ ಹಾಕಿ ಒಂದು ಮೆಸೇಜ್ ಬಿಡಬಹುದಲ್ರಿ."

"ಅದು ನಮಗ್ಯಾಕ ಹೇಳತೈತ್ರಿ ಮಾಸ್ತರ? ನಾವೇನು ಅದರ ಬೀಗರ?" ಎಂದು ನಾನು ನಕ್ಕಿದ್ದೆ.

ನಕ್ಕಿದ್ದು ನಕ್ಕಂತೆ, ಆ ವಿಚಾರ ಇಬ್ಬರನ್ನೂ ಬಿಡಲಿಲ್ಲ. ಅದೇ ಕಾಲಕ್ಕೆ ಯುರೋಪಿನ ಕಡೆ ಒಂದು ಹೊಸ ಪದ್ಧತಿ ಹುಟ್ಟುತ್ತಿತ್ತು. ಕರೆ ಮಾಡಿಸುವುದು, ಸಂದೇಶ ಕಳಿಸುವುದು, ಫೋನು ಎಲ್ಲಿದೆ ಎಂದು ಹೇಳುವುದು, ಇಂಥ ತನ್ನ ಶಕ್ತಿಗಳನ್ನೆಲ್ಲ ನೆಟ್‌ವರ್ಕು ಒಳಗೇ ಬಚ್ಚಿಟ್ಟುಕೊಳ್ಳುವ ಬದಲು, ಹೊರಗಿನವರ ಪ್ರೋಗ್ರಾಮುಗಳಿಗೂ ಒಂದು ಬಾಗಿಲಿನ ಮೂಲಕ ಕೊಡುವುದು. ಬಾಗಿಲು ಅಂದರೆ ಕಟ್ಟುನಿಟ್ಟಿನ ಬಾಗಿಲು, ಯಾರೆಂದರೆ ಅವರು ನುಗ್ಗುವಂಥದ್ದಲ್ಲ. ನಾವಿಬ್ಬರೂ ಎರಡು ಬೇಸಿಗೆ ರಜೆ ಕೂತು ನಮ್ಮ ಪ್ರೋಗ್ರಾಮನ್ನು ಆ ಪದ್ಧತಿಗೆ ತಕ್ಕಂತೆ ಬರೆದೆವು. ನಮ್ಮ ಕಡೆಯ ಕಂಪನಿಗಳಿಗೆ ಪತ್ರ ಹಾಕಿದೆವು, ಉತ್ತರ ಬರಲಿಲ್ಲ. ಹೆಲ್ಸಿಂಕಿಯ ಒಂದು ಪ್ರಯೋಗಾಲಯದಿಂದ ಬಂತು. ಬನ್ನಿ, ನಮ್ಮ ಪರೀಕ್ಷೆಯ ನೆಟ್‌ವರ್ಕಿನ ಮೇಲೆ ತೋರಿಸಿ, ಜೊತೆಗೆ ಒಬ್ಬರನ್ನು ಕರೆತರಬಹುದು ಎಂದಿದ್ದರು. ಡಿಸೆಂಬರಿನಲ್ಲಿ.

ಡಿಸೆಂಬರು ಅಂದರೆ ಗಾಣದ ಸುಗ್ಗಿ, ನಮ್ಮ ಮನೆಯವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಈರಣ್ಣ ಮಾಸ್ತರರ ಮನೆಯಲ್ಲಿ ಬಾಣಂತನ. ನಾನೊಬ್ಬಳೇ ಹೋಗುತ್ತೇನೆಂದೆ. ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ಅತ್ತೆ ಮೊರದಿಂದ ಕಣ್ಣೆತ್ತದೆ ಹೇಳಿದರು:

"ನಾ ಹೋಗತೇನಿ ಇಕಿ ಸಂಗಟ. ಇಕಿ ಯಂತ್ರಾ ಖರೆ ಹೇಳತೈತೋ ಸುಳ್ಳ ಹೇಳತೈತೋ ನೋಡಿದಂಗೂ ಆಕೈತಿ."

ತಮಾಷೆಗೆಂದರು ಎಂದುಕೊಂಡೆವು. ಮರುದಿನವೇ ಕಡಕ್ ರೊಟ್ಟಿ ತಟ್ಟಲು ಕೂತರು.

ಮುಂಬೈಯಿಂದ ಮೇಲೆ

ವಿಮಾನ ಬೆಳಗಿನ ಹೊತ್ತು ಎದ್ದಿತು. ಅತ್ತೆಗೆ ಕಿಟಕಿಯ ಸೀಟು. ಭಯಪಡುತ್ತಾರೆಂದು ನಾನು ಕೈ ಹಿಡಿದುಕೊಂಡಿದ್ದೆ, ಆದರೆ ಹೆದರಿ ಬೆವರುತ್ತಿದ್ದ ಕೈ ನನ್ನದು. ಅವರು ಕಿಟಕಿಗೆ ಹಣೆ ಹಚ್ಚಿ ನಮ್ಮ ಹಿಂದೆಯೇ ಬರುತ್ತಿದ್ದ ಬಿಸಿಲನ್ನು ನೋಡುತ್ತಿದ್ದರು.

"ಸುನಂದಾ, ಎಷ್ಟೊತ್ತಾತು ಹಾರಾಕತ್ತು?"

"ಭಾಳ ಹೊತ್ತಾತ್ರಿ ಅತ್ತಿ."

"ಮತ್ತ ಹೊತ್ತ ಏರವಲ್ಲದಲ್ಲ!"

ಪಡುವಣಕ್ಕೆ ಹಾರುವವರಿಗೆ ಹಗಲು ಹಿಗ್ಗುತ್ತದೆ ಎಂದು ತಿಳಿಸಿ ಹೇಳಿದೆ. ಅವರಿಗೆ ಸಂತೋಷವೋ ಸಂತೋಷ. "ಹಂಗಾರ ನನ್ನಂಥಾಕಿಗೆ ಇದ ಚಲೋ ಗಾಡಿ. ಉಣ್ಣಾಕ ಗಡಬಡಿ ಇಲ್ಲ," ಎಂದು ಡಬ್ಬಿ ತೆಗೆದು ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ಗಗನಸಖಿಗೂ ಒಂದು ತುಂಡು ಚಾಚಿದರು. ಆಕೆ ಏನೆಂದುಕೊಂಡಳೋ, ತೆಗೆದುಕೊಂಡಳು.

ಆ ಸಂತೋಷ ನಡುವೆ ವಿಮಾನ ಬದಲಿಸುವವರೆಗೆ. ಎರಡನೆಯ ವಿಮಾನ ಬಡಗಣಕ್ಕೆ ತಿರುಗಿತು. ನಾವು ಇಳಿದು, ಚೀಲಗಳಿಗಾಗಿ ಕಾದು, ಹೊರಗೆ ಬರುವಷ್ಟರಲ್ಲಿ ಬೀದಿದೀಪ ಹತ್ತಿಕೊಂಡಿದ್ದವು. ನನ್ನ ಕೈಗಡಿಯಾರವನ್ನು ಅಲ್ಲಿನ ವೇಳೆಗೆ ತಿರುಗಿಸಿ ನೋಡುತ್ತೇನೆ, ಇನ್ನೂ ನಾಲ್ಕು ಹೊಡೆದಿರಲಿಲ್ಲ.

"ಮಾಡ ಆಗೇತೇನ?" ಎಂದರು ಅತ್ತೆ, ಮೋಡ ಕವಿದು ಕತ್ತಲಾಗಿದೆಯೆಂದುಕೊಂಡು.

ಪ್ರೋಗ್ರಾಮಿನ ಲೆಕ್ಕಕ್ಕೆ ಭೂಮಿಯ ಬಾಗು, ಋತು ಎಲ್ಲ ಹಾಕಿಕೊಟ್ಟವಳು ನಾನು. ಚಳಿಗಾಲದಲ್ಲಿ ಇಲ್ಲಿ ಸೂರ್ಯ ಮೂರಕ್ಕೇ ಹೋಗುತ್ತಾನೆಂದು ಕಾಗದದ ಮೇಲೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅತ್ತೆಯ ರಾತ್ರಿ ಊಟದ ಲೆಕ್ಕವನ್ನು ಊರಿನಂತೆ ಆರರ ಮೇಲೆಯೇ ಇಟ್ಟುಕೊಂಡಿದ್ದೆ. ಎಂಥ ಪೆದ್ದುತನ!

"ಮಾಡ ಅಲ್ರಿ ಅತ್ತಿ. ಹೊತ್ತ ಮುಳಗೇತಿ."

ಅವರು ಕೈಯಲ್ಲಿದ್ದ ಡಬ್ಬಿಯನ್ನು ಮತ್ತೆ ಚೀಲದೊಳಗೆ ಇಟ್ಟರು. "ಹೋಗ್ಲಿ ಬಿಡು. ನೀರ ಕುಡಿತೇನಿ."

ಕಾಣದ ಸೂರ್ಯ

ಮರುದಿನ ಬೆಳಕು ಹರಿಯಲು ಒಂಬತ್ತು ದಾಟಿತು. ಎದ್ದು ನಿಂತವರೇ ಅತ್ತೆ ತಲೆ ತಿರುಗಿ ಮಂಚದ ಮೇಲೆ ಕುಸಿದರು. ಕೈ ತಣ್ಣಗಾಗಿ ತುಟಿ ನಡುಗುತ್ತಿದ್ದವು. ಸಕ್ಕರೆ ಇಳಿದಿತ್ತು. ಹೋಟೆಲಿನ ಕೆಳಮಹಡಿಯಿಂದ ಹಾಲು ತರಿಸಿ ಅದಕ್ಕೆ ಬೆಲ್ಲ ಕದಡಿ ಕುಡಿಸಿ, ಅವರ ಮುಖಕ್ಕೆ ಕಳೆ ಬರುವವರೆಗೂ ನಾನು ಎಲ್ಲ ತೀರ್ಥಂಕರರನ್ನೂ ಕರೆದೆ.

ಸುಧಾರಿಸಿಕೊಂಡ ಮೇಲೆ ಕೈ ಮುಗಿದು ಕೇಳಿದೆ. "ಅತ್ತಿ, ಇಲ್ಲಿ ಇರೂ ತನಕ ನೇಮ ಒಂಚೂರು ಸಡಲ ಬಿಡ್ರಿ. ಮೂರರಿಂದ ಮರುದಿನ ಒಂಬತ್ತರ ತನಕ ಖಾಲಿ ಹೊಟ್ಟೀಲೆ ಇರೂದಂದ್ರ ನಿಮ್ಮ ಮೈಗೆ ಆಗೂದಲ್ಲ."

"ಮೂರರ ಒಳಗ ಹೊಟ್ಟಿ ತುಂಬ ಉಂಡ್ರ ಆಗತೈತಿ. ನಿನ್ನೆ ಸಂಜೀಕ ಉಂಡಿದ್ದಿಲ್ಲ, ಅದಕ್ಕ ಹಿಂಗಾತು. ಯಾವಾಗ ಮುಳಗತೈತಿ ಅನ್ನೂದಷ್ಟ ನನಗ ಹೇಳು, ಉಳದದ್ದು ನಾ ನೋಡ್ಕೋತೇನಿ."

"ಮುಳುಗಿದ್ದು ಕಾಣಂಗೇ ಇಲ್ಲಲ್ರಿ ಇಲ್ಲಿ."

ಖರೆ ಹೇಳಬೇಕೆಂದರೆ ನಾವಿದ್ದ ಅಷ್ಟೂ ದಿನ ಸೂರ್ಯ ಮುಖ ತೋರಿಸಲಿಲ್ಲ. ಬೂದಿ ಬಣ್ಣದ ಆಕಾಶ ಮಧ್ಯಾಹ್ನಕ್ಕೆ ಒಂದಿಷ್ಟು ಬಿಳಿಚಿಕೊಂಡು ಮತ್ತೆ ಬೂದಿಯಾಗುತ್ತಿತ್ತು. ಅತ್ತೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಊರಿನಲ್ಲಿ ಮಾಳಿಗೆಯ ಮೇಲೆ ನಿಂತು ನೋಡುವ ಅಭ್ಯಾಸ. ಅವರು ಹಾಗೆ ನಿಂತದ್ದನ್ನು ನೋಡುವವರೆಗೆ ನಮ್ಮ ಪ್ರೋಗ್ರಾಮು ನನಗೊಂದು ಒಳ್ಳೆಯ ಉಪಾಯ ಅಷ್ಟೇ ಆಗಿತ್ತು. ಈಗ ಅದು ಸರಿಯಾಗಿ ನಡೆಯಲೇಬೇಕಿತ್ತು, ನನ್ನ ಮುಂದಿರುವ ಒಂದು ಜೀವಕ್ಕಾಗಿ.

ಟ್ರಾಮು

ಪ್ರಯೋಗಾಲಯಕ್ಕೆ ಟ್ರಾಮಿನಲ್ಲಿ ಹೋಗಬೇಕು. ಅಲ್ಲಿಯ ಜನ ಮಾತಾಡುವುದಿಲ್ಲ. ನಮ್ಮ ಗೋಕಾಕ-ಹುಕ್ಕೇರಿ ಬಸ್ಸಿನಲ್ಲಿ ಟಿಕೆಟ್ ಹರಿಸುವಷ್ಟರಲ್ಲಿ ಬಾಜೂಕಿನವರಿಗೆ ನಿಮ್ಮ ಮಗಳ ವರನ ಊರು ಗೊತ್ತಾಗಿರುತ್ತದೆ. ಇಲ್ಲಿ ಇಬ್ಬರು ಕೂಡುವ ಸೀಟಿನಲ್ಲಿ ಒಬ್ಬೊಬ್ಬರೇ ಕೂತು ಹೊರಗೆ ನೋಡುತ್ತಾರೆ. ಅತ್ತೆ ಮೊದಲ ದಿನ ಒಬ್ಬ ಮುದುಕಪ್ಪನಿಗೆ ಕನ್ನಡದಲ್ಲೇ "ಯಾವೂರವ್ರು?" ಎಂದು ಕೇಳಿದರು. ಆತ ಟೋಪಿ ತೆಗೆದು ತಲೆ ಬಾಗಿಸಿ ಮತ್ತೆ ಹಾಕಿಕೊಂಡು ಹೊರಗೆ ನೋಡಿದ.

"ಪಾಪ, ಅವ್ರ ಮನ್ಯಾಗ ಏನೋ ಆಗೇತಿ," ಎಂದರು ಅತ್ತೆ.

"ಏನೂ ಆಗಿಲ್ರಿ. ಇಲ್ಲಿ ಎಲ್ಲಾರೂ ಹಂಗೇ."

"ಎಲ್ಲಾರ ಮನ್ಯಾಗೂ?"

ಬಾಗಿಲು

ಪ್ರಯೋಗಾಲಯದಲ್ಲಿ ನಮ್ಮನ್ನು ನೋಡಿಕೊಂಡದ್ದು ರೀತ್ತಾ ಎಂಬ ಹೆಂಗಸು, ಅತ್ತೆಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಕತ್ತರಿಸಿದ ಬಿಳಿ ಕೂದಲು. ನೆಟ್‌ವರ್ಕಿನ ಆ ಬಾಗಿಲನ್ನು ಕಟ್ಟಿದ ತಂಡದ ಹಿರಿಯರು. ಅತ್ತೆ ಅವರನ್ನೂ ಬಿಡಲಿಲ್ಲ. "ಯಾವೂರವ್ರು, ಯಾರ ಪೈಕಿ ಅಂತ ಕೇಳು," ಎಂದು ನನ್ನನ್ನು ತಿವಿದರು. ನಾಚಿಕೊಳ್ಳುತ್ತ ಕೇಳಿದೆ.

"ಇದನ್ನು ನನ್ನನ್ನು ಯಾರೂ ಕೇಳಿಲ್ಲ," ಎಂದರು ರೀತ್ತಾ. "ನಮ್ಮ ಅಜ್ಜಿಯ ಊರು ಪೂರ್ವದ ಕಡೆ. ಈಗ ಅದು ಗಡಿಯ ಆಚೆ, ಬೇರೆ ದೇಶದಲ್ಲಿದೆ. ನಾನು ನೋಡಿಯೇ ಇಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅತ್ತೆ ಚೀಲದಿಂದ ಗೋಕಾಕದ ಕರದಂಟಿನ ಪೊಟ್ಟಣ ತೆಗೆದು ರೀತ್ತಾರ ಕೈಯಲ್ಲಿಟ್ಟು ಅವರ ಕೈಯನ್ನು ಮುಚ್ಚಿದರು. ಮಾರನೆಯ ದಿನ ಆಕೆ ತಮ್ಮ ಅಜ್ಜಿಯ ಊರಿನದೆಂದು ಅನ್ನ ತುಂಬಿದ, ರೈ ಎಂಬ ಧಾನ್ಯದ ಹಿಟ್ಟಿನ ರೊಟ್ಟಿ ಮಾಡಿ ತಂದರು. ಯಾವ ಹಿಟ್ಟು, ಯಾವ ಪಾತ್ರೆ, ತತ್ತಿ ಮುಟ್ಟಿದ ಕೈಯೋ ಎಂದು ನನ್ನಿಂದ ಎಲ್ಲ ಕೇಳಿಸಿದ ಮೇಲೆ ಅತ್ತೆ ಅರ್ಧ ತಿಂದರು. ಹೊರಗಿನ ಮನೆಯಲ್ಲಿ ನೀರು ಸಹ ಕುಡಿಯದವರು ಅವರು.

ರೀತ್ತಾ ನನಗೆ ಬಾಗಿಲನ್ನು ತೋರಿಸಿದರು. ತೋರಿಸಿದರು ಅಂದರೆ ಪರದೆಯ ಮೇಲೆ. ನಮ್ಮ ಪ್ರೋಗ್ರಾಮು ಬಂದು ಬಾಗಿಲು ತಟ್ಟಿದಾಗ ಮೊದಲು ನೀನು ಯಾರು ಎಂಬ ಪ್ರಶ್ನೆ. ಹೆಸರು ಹೇಳಿದರೆ ಸಾಲದು. ಬಾಗಿಲು ಒಂದು ಸಂಖ್ಯೆಯ ಒಗಟು ಕೊಡುತ್ತದೆ, ನಮಗೆ ಮೊದಲೇ ಕೊಟ್ಟಿರುವ ಗುಟ್ಟಿನ ಕೀಲಿ ಇದ್ದರೆ ಮಾತ್ರ ಅದು ಬಿಡಿಸಲು ಬರುತ್ತದೆ. ಕೀಲಿಯನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಉತ್ತರವನ್ನಷ್ಟೇ ಹೇಳಬೇಕು. ಆಮೇಲೆ ನಮ್ಮ ಸರದಿ. ನಾವೂ ಬಾಗಿಲಿಗೆ ಒಂದು ಒಗಟು ಕೊಡುತ್ತೇವೆ, ಏಕೆಂದರೆ ಕಳ್ಳರು ಸುಳ್ಳು ಬಾಗಿಲೊಂದನ್ನು ನಿಲ್ಲಿಸಿ ನಮ್ಮನ್ನು ಕರೆಯಬಹುದಲ್ಲ. ಇಬ್ಬರಿಗೂ ನಂಬಿಕೆ ಬಂದ ಮೇಲೆ ಒಪ್ಪಂದ: ಇಂಥದ್ದನ್ನಷ್ಟೇ ಕೇಳುತ್ತೇವೆ, ಬೇರೇನನ್ನೂ ಕೇಳುವುದಿಲ್ಲ. ನಾವು ಕೇಳಿಕೊಂಡದ್ದು ಎರಡು, ಫೋನು ಎಲ್ಲಿದೆ ಎನ್ನುವುದು ಮತ್ತು ಸಂದೇಶ ಕಳಿಸುವುದು. ಯಾರು ಯಾರಿಗೆ ಕರೆ ಮಾಡಿದರು ಎಂದು ಕೇಳಲು ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇದನ್ನೆಲ್ಲ ಸಂಜೆ ಅತ್ತೆಗೆ ವಿವರಿಸಿದೆ. ಅವರು ತಲೆದೂಗಿದರು.

"ಇದೇನ ಹೊಸಾದು? ನಮ್ಮ ಮನೀಗೆ ಯಾರರ ಬಂದ್ರ ಮೊದ್ಲ ಯಾವೂರವ್ರು, ಯಾರ ಪೈಕಿ ಅಂತ ಕೇಳ್ತೇವಿ. ನಾಗನೂರ ಇಂಥವ್ರ ಪೈಕಿ ಅಂದ್ರ ಆ ಮನೀದು ಒಂದ ಮಾತ ಕೇಳಿ ನೋಡ್ತೇವಿ, ಖರೆ ಐತೋ ಇಲ್ಲೋ ಅಂತ. ಅವ್ರೂ ನಮ್ಮನ್ನ ಕೇಳ್ತಾರ. ಆಮ್ಯಾಲ ಬೆಲ್ಲಾ ನೀರ. ಪಡಸಾಲಿ ತನಕ ಬರ್ರಿ ಅಂತೇವಿ, ಅಡಗಿ ಮನೀಗೆ ಯಾರನ್ನೂ ಬಿಡಂಗಿಲ್ಲ."

ಇಲ್ಲಿ ಜನ ಏನೂ ಕೇಳುವುದಿಲ್ಲ, ನೆಟ್‌ವರ್ಕು ಎಲ್ಲ ಕೇಳುತ್ತದೆ. ನಮ್ಮಲ್ಲಿ ಉಲ್ಟಾ. ಹೀಗೆಂದು ಹೇಳಿ ಇಬ್ಬರೂ ನಕ್ಕೆವು.

ಮೊದಲ ಪ್ರಯತ್ನದಲ್ಲಿ ಬಾಗಿಲು ನಮ್ಮನ್ನು ಒಳಗೆ ಬಿಡಲಿಲ್ಲ. ಒಗಟಿನ ಉತ್ತರ ಸರಿಯಿದ್ದರೂ ಪ್ರತಿ ಸಲವೂ ತಿರಸ್ಕಾರ. ಅರ್ಧ ದಿನ ಬೆವರಿಳಿಸಿದ ಮೇಲೆ ತಿಳಿಯಿತು, ನನ್ನ ಲ್ಯಾಪ್‌ಟಾಪಿನ ಗಡಿಯಾರ ಇನ್ನೂ ಮೂಡಲಗಿಯದೇ. ಮನೆಯಲ್ಲಿ ಈಗ ಏನು ನಡೆದಿರುತ್ತದೆಂದು ನೋಡಿಕೊಳ್ಳಲು ನಾನೇ ಬದಲಿಸದೆ ಬಿಟ್ಟಿದ್ದೆ. ನಮ್ಮ ಪ್ರೋಗ್ರಾಮು ಆ ವೇಳೆಯನ್ನೇ ಉತ್ತರದ ಮೇಲೆ ಬರೆಯುತ್ತಿತ್ತು. ಹಳೆಯ ಉತ್ತರವನ್ನು ಕದ್ದು ಮತ್ತೆ ಒಪ್ಪಿಸುವವರನ್ನು ತಡೆಯಲು ಬಾಗಿಲು ಉತ್ತರದ ವೇಳೆಯನ್ನೂ ನೋಡುತ್ತದೆ, ವೇಳೆ ಹೊಂದದಿದ್ದರೆ ಆಚೆ. ಗಡಿಯಾರ ತಿರುಗಿಸಿದ ಕೂಡಲೇ ಬಾಗಿಲು ತೆರೆಯಿತು. ರೀತ್ತಾ ನಗಲಿಲ್ಲ. ಆದರೆ ಮರುದಿನ ನಮ್ಮ ಮೇಜಿನ ಮೇಲೆ ಒಂದು ಪುಟ್ಟ ಗಡಿಯಾರವಿತ್ತು, ಅದರಲ್ಲಿ ನಮ್ಮ ಊರಿನ ವೇಳೆ.

ಒಲ್ಲೆ

ಎಲ್ಲರ ಮುಂದೆ ತೋರಿಸುವ ದಿನ ಬಂತು. ಬೇರೆ ಬೇರೆ ದೇಶದವರು ತಮ್ಮ ತಮ್ಮ ಪ್ರೋಗ್ರಾಮು ತಂದಿದ್ದರು. ಯಾರದು ಸರಿಯಾಗಿ ನಡೆಯುತ್ತದೋ ಅವರಿಗೆ ಒಂದು ವರ್ಷ ಆ ಬಾಗಿಲಿನ ಕೀಲಿ. ನಮ್ಮ ಸರದಿ ಮಧ್ಯಾಹ್ನ ಎರಡಕ್ಕೆ.

ನಾನು ಮುಂದೆ, ಅತ್ತೆ ಹಿಂದಿನ ಸಾಲಿನಲ್ಲಿ ರೀತ್ತಾರ ಬಾಜೂಕೆ. ಅವರ ಕೈಯಲ್ಲಿ ಪ್ರಯೋಗಾಲಯದ ಫೋನು, ತೊಡೆಯ ಮೇಲೆ ರೊಟ್ಟಿಯ ಡಬ್ಬಿ. ಸಂದೇಶ ಬಂದ ಮೇಲೇ ಉಣ್ಣುತ್ತೇನೆ, ಆಗ ನಾಲ್ಕು ಜನರಿಗೆ ಖರೆ ಅನಿಸುತ್ತದೆ ಎಂದು ಅವರದೇ ಹಟ. ಮೊದಲೇ ಉಣ್ಣಿರೆಂದು ಎಷ್ಟು ಗೋಗರೆದರೂ ಕೇಳಿರಲಿಲ್ಲ. ಮುಂದೆ ನಿಂತ ನನಗೆ ಅವರ ಮುಖವನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬಾಗಿಲಿಗೆ ಕೊನೆಯದೊಂದು ನಿಯಮವಿದೆ. ನಾವೂ ನೆಟ್‌ವರ್ಕೂ ಪರಸ್ಪರ ಎಷ್ಟೇ ನಂಬಿದರೂ, ಫೋನು ಎಲ್ಲಿದೆ ಎಂದು ಹೇಳುವ ಮೊದಲು ಫೋನಿನ ಯಜಮಾನರನ್ನೇ ಕೇಳಬೇಕು. ಫೋನಿಗೆ ಪ್ರಶ್ನೆ ಹೋಗುತ್ತದೆ. ಹೌದು ಎನ್ನಲು ಒಂದು ಒತ್ತಬೇಕು, ಬೇಡವೆನ್ನಲು ಎರಡು. ಇದನ್ನು ಹೋಟೆಲಿನಲ್ಲಿ ಅತ್ತೆಗೆ ನನ್ನ ಫೋನಿನಿಂದಲೇ ಕಲಿಸಿದ್ದೆ. ಅವರಿಗೆ ಇಂಗ್ಲಿಷ್ ಓದಲು ಬಾರದು, ಅಂಕಿ ಬರುತ್ತದೆ. ಜೊತೆಗೆ ಫೋನಿನ ಮೇಲೆ ಮೂಡುವ ನನ್ನ ಹೆಸರಿನ ಅಕ್ಷರಗಳ ಆಕಾರ ಗುರುತು ಹಿಡಿಯಲು ಕಲಿತಿದ್ದರು.

ಗುಂಡಿ ಒತ್ತಿದೆ. ಅತ್ತೆಯ ಫೋನು ಟಿಣ್ ಎಂದಿತು. ಅವರು ಕನ್ನಡಕ ಏರಿಸಿ ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ಒತ್ತಿದರು. ನನ್ನ ಹಿಂದಿನ ದೊಡ್ಡ ಪರದೆಯ ಮೇಲೆ ಮೂಡಿತು: ಅನುಮತಿ ಇಲ್ಲ.

ಕೈ ತಪ್ಪಿರಬೇಕೆಂದು ಮತ್ತೆ ಕಳಿಸಿದೆ. ಮತ್ತೆ ಟಿಣ್. ಈ ಸಲ ಅವರು ನೋಡಲೂ ಇಲ್ಲ, ಸಿಟ್ಟಿನಿಂದ ಎರಡನ್ನು ಒತ್ತಿದರು. ಅನುಮತಿ ಇಲ್ಲ. 

ಅಷ್ಟರಲ್ಲಿ ಅತ್ತೆಯ ಫೋನು ಮೂರನೆಯ ಸಲ ಸದ್ದು ಮಾಡಿತು. ಈಗ ಬಂದದ್ದು ಬರಿಯ ಅಂಕಿ, ಪರದೆಯ ಮೇಲೂ ಅದೇ ಮೂಡಿತು: ಎರಡೂವರೆ. ಹೊತ್ತು ಮುಳುಗುವ ವೇಳೆ! ಅತ್ತೆಯ ಮುಖ ಅರಳಿತು. ಡಬ್ಬಿ ತೆರೆದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.

ಬೇಡವೆಂದ ಮೇಲೆ ಇದು ಬಂದದ್ದೆಲ್ಲಿಂದ? ಆಮೇಲೆ ಹೊಳೆಯಿತು, ಇದು ಈರಣ್ಣ ಮಾಸ್ತರರ ಕೆಲಸ. "ನೆಟ್‌ವರ್ಕು ಒಲ್ಲೆ ಅಂದ್ರ ಸುಮ್ನ ಕುಂಡ್ರೂದು ಬ್ಯಾಡ್ರಿ ಮೇಡಮ್, ಊರಿನ ಸೂರ್ಯನ್ನರ ತೋರ್ಸೋಣ," ಎಂದು ಅವರು ಒಂದು ಸಾಲು ಸೇರಿಸಿದ್ದರು. ಎರಡು ಸಲ ಕೇಳಿಯೂ ಜಾಗ ಸಿಗದಿದ್ದಾಗ ಪ್ರೋಗ್ರಾಮು ಮೂಡಲಗಿಯ ಸೂರ್ಯಾಸ್ತವನ್ನು ತೆಗೆದುಕೊಂಡು ಇಲ್ಲಿನ ಗಡಿಯಾರಕ್ಕೆ ತಿರುಗಿಸಿ ಕಳಿಸಿತ್ತು. ಅಂದರೆ ಅತ್ತೆ ಉಣ್ಣುತ್ತಿರುವುದು ಊರಿನ ಸೂರ್ಯನನ್ನು ನಂಬಿ. ಗಾಬರಿಯಲ್ಲಿ ನನಗೆ ಇಲ್ಲಿಯ ಮೂರರ ಲೆಕ್ಕವೇ ಮರೆತುಹೋಯಿತು. ಇಲ್ಲಿಯ ಸೂರ್ಯ ಅದಕ್ಕೂ ಮೊದಲೇ ಹೋಗಿದ್ದರೆ? ಮದುವೆಯಾದ ವರ್ಷದಿಂದ ಕಾಪಾಡಿಕೊಂಡು ಬಂದ ನೇಮ, ನನ್ನ ಯಂತ್ರದ ಕೈಯಲ್ಲಿ?

"ಅತ್ತಿ, ತಡೀರಿ!" ಎಂದು ಕೂಗುತ್ತ ವೇದಿಕೆಯಿಂದ ಜಿಗಿದು ಸಾಲುಗಳ ನಡುವೆ ಓಡಿದೆ. ಸೀರೆಯ ನಿರಿಗೆ ಕಾಲಿಗೆ ಸಿಕ್ಕಿ ಯಾರದೋ ಹೆಗಲು ಹಿಡಿದುಕೊಂಡೆ. ಅತ್ತೆ ಬಾಯಲ್ಲಿ ತುತ್ತಿಟ್ಟುಕೊಂಡು ಕಣ್ಣು ಬಿಟ್ಟರು.

ನನ್ನ ತೊದಲು ಇಂಗ್ಲಿಷಿನಲ್ಲಿ ರೀತ್ತಾಗೆ ಏನು ತಿಳಿಯಿತೋ, ಚೀಲದಿಂದ ಆ ದಿನದ ಪತ್ರಿಕೆ ತೆಗೆದು ಹವಾಮಾನದ ಮೂಲೆ ನೋಡಿದರು. "ಇಲ್ಲಿ ಸೂರ್ಯ ಮುಳುಗುವುದು ಮೂರು ದಾಟಿದ ಮೇಲೆ. ಉಣ್ಣಲಿ, ಸಾಕಷ್ಟು ಹೊತ್ತಿದೆ."

ನಾನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ವಿಷಯ ತಿಳಿದ ಅತ್ತೆ ತುತ್ತು ನುಂಗಿ ಕೇಳಿದರು:

"ಅಂದ್ರ ಈಗ ಊರಾಗೂ ಹೊತ್ತ ಮುಳಗಾಕ ಬಂದೈತಿ?"

"ಹೌದ್ರಿ. ಅಲ್ಲೀದು ಇಲ್ಲೀದು ಹೆಚ್ಚು ಕಡಿಮಿ ಕೂಡೇ."

"ಹಂಗಾರ ನನ್ನ ಮಗನೂ ಈಗ ಉಣ್ಣಾಕ ಕುಂತಿರ್ತಾನ." ಅವರ ಕಣ್ಣು ತುಂಬಿದವು. "ಇಷ್ಟ ದೂರ ಬಂದ್ರೂ ಎಲ್ಲಾರೂ ಕೂಡಿ ಉಂಡಂಗಾತ ನೋಡು."

ಸಭೆಯವರು ತಿರುಗಿ ನೋಡುತ್ತಲೇ ಇದ್ದರು. ರೀತ್ತಾ ನನಗೆ ಮೆಲ್ಲಗೆ, "ಬೇಡವೆಂದು ಏಕೆ ಒತ್ತಿದರು, ಕೇಳಿ," ಎಂದರು.

ಕೇಳಿದೆ. ಅತ್ತೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹೋಟೆಲಿನ್ಯಾಗ ನಿನ್ನ ಹೆಸರ ಬರತಿತ್ತು. ಇದರಾಗ ಯಾರದೂ ಹೆಸರ ಇಲ್ಲ, ಯಾವುದೋ ನಂಬರ. ನೀ ಎಲ್ಲಿದ್ದಿ ಅಂತ ಕೇಳ್ತಾರ, ತಾವು ಯಾರಂತ ಹೇಳಂಗಿಲ್ಲ. ಹೆಸರ ಹೇಳಲಾರದವ್ರಿಗೆ ನಾ ಎಲ್ಲಿದ್ದೀನಂತ ಯಾಕ ಹೇಳ್ಲಿ? ನಮ್ಮ ಹಿತ್ತಲ ಬಾಗಲಾ ಬಡದವ್ರಿಗೂ ನಾ ಹಂಗ ಹೇಳಂಗಿಲ್ಲ."

ಸಭೆಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಬಾಗಿಲು ನಮ್ಮನ್ನು ಒರೆ ಹಚ್ಚಿ ನೋಡಿತ್ತು, ನಾವು ಬಾಗಿಲನ್ನು ನೋಡಿದ್ದೆವು. ಯಾರ ವಿಷಯ ಮಾತಾಡುತ್ತಿದ್ದೆವೋ ಆ ಮನೆಯೊಡತಿಗೆ ಮಾತ್ರ ಹೊರಗೆ ನಿಂತವರು ಯಾರೆಂದು ಯಾರೂ ಹೇಳಿರಲಿಲ್ಲ. ರೀತ್ತಾ ಎದ್ದು ನಿಂತರು. "ಇಲ್ಲಿಯವರೆಗೆ ಬಂದವರೆಲ್ಲರೂ ಒಂದನ್ನೇ ಒತ್ತಿದ್ದರು. ಆದ್ದರಿಂದ ನಮಗೆ ಇದು ತಿಳಿಯಲೇ ಇಲ್ಲ. ನಾಳೆ ಮತ್ತೊಮ್ಮೆ ನೋಡೋಣ," ಎಂದರು. ಅತ್ತೆ ನಿಶ್ಚಿಂತೆಯಿಂದ ಎರಡನೆಯ ರೊಟ್ಟಿ ತೆಗೆದರು.

ಒಂದು

ಮರುದಿನ ಅದೇ ಸಭೆ, ಅದೇ ಹೊತ್ತು. ರೀತ್ತಾರ ತಂಡ ಪ್ರಶ್ನೆಯನ್ನು ಬದಲಿಸಿತ್ತು. ಈಗ ಕೇಳುವವರ ಹೆಸರು ಮೊದಲು ಬರುತ್ತದೆ: ಸುನಂದಾ ಕೇಳುತ್ತಿದ್ದಾರೆ, ನೀವು ಎಲ್ಲಿದ್ದೀರಿ? ಸುಳ್ಳು ಹೆಸರು ಹಾಕಿಕೊಂಡು ಕೇಳುವಂತೆಯೂ ಇಲ್ಲ. ಒಗಟಿನಲ್ಲಿ ಗೆದ್ದ ಹೆಸರನ್ನು ಬಾಗಿಲು ತಾನೇ ಬರೆಯುತ್ತದೆ.

ಫೋನು ಟಿಣ್ ಎಂದಿತು. ಅತ್ತೆ ನೋಡಿದರು. ನೋಡುತ್ತಲೇ ಇದ್ದರು. ಬೆರಳಿನಿಂದ ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಸವರಿದರು. 'ಏನ ಹೇಳತೈತಿ?' ಎಂಬಂತೆ ತಲೆಯೆತ್ತಿ ನನ್ನತ್ತ ನೋಡಿದಾಗ ನಾನು ದೂರದಿಂದಲೇ ಕನ್ನಡದಲ್ಲಿ ಕೂಗಿ ಹೇಳಿದೆ, "ಅತ್ತಿ, ನಾ ಕೇಳಾಕತ್ತೇನ್ರಿ, ನೀವು ಎಲ್ಲಿದ್ದೀರಿ ಅಂತ."

ಅವರು ಮತ್ತೂ ಸ್ವಲ್ಪ ಹೊತ್ತು ತಡೆದರು. ಆಮೇಲೆ ಒಂದನ್ನು ಒತ್ತಿದರು. ಹೆಲ್ಸಿಂಕಿಯ ಸೂರ್ಯನ ವೇಳೆ ಬಂತು, ಪತ್ರಿಕೆಯಲ್ಲಿದ್ದ ವೇಳೆಯೇ. ಆ ಮೌನಿಗಳು ಮೆಚ್ಚಿ ಮೇಜು ಬಡಿದರು. ಒಂದು ವರ್ಷದ ಕೀಲಿ ನಮಗೆ ಸಿಕ್ಕಿತು. ಅತ್ತೆ ಮಾತ್ರ ಯಾವುದನ್ನೂ ಗಮನಿಸದೆ ತಲೆ ತಗ್ಗಿಸಿ ಊಟ ಮಾಡಿದರು.

ಹಿಂತಿರುಗುವ ಟ್ರಾಮಿನಲ್ಲಿ ಕತ್ತಲೆ. ಅತ್ತೆ ಬಹಳ ಹೊತ್ತು ಹೊರಗೆ ನೋಡುತ್ತ ಕೂತಿದ್ದರು, ಅಲ್ಲಿಯವರ ಹಾಗೆಯೇ.

"ಯಾಕ್ರಿ ಅತ್ತಿ, ಒತ್ತಾಕ ಅಷ್ಟ ಹೊತ್ತ ಮಾಡಿದ್ರಿ? ಹೆಸರ ಗುರ್ತ ಸಿಗಲಿಲ್ಲೇನು?"

"ಗುರ್ತ ಸಿಕ್ಕಿತು." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನಿಮ್ಮ ಮಾವಗ ಕೇಳಿದೆ, ಮಗಗ ಕೇಳಿದೆ, ನಿನಗೂ ಕೇಳತಿದ್ದೆ, ಎಲ್ಲಿದ್ದಿ, ಉಂಡ್ಯಾ ಅಂತ. ನೀ ಎಲ್ಲಿದ್ದಿ ಅಂತ ನನ್ನ ಯಾರೂ ಕೇಳಿದ್ದಿಲ್ಲವಾ ಸುನಂದಾ. ಮನ್ಯಾಗ ಇರತೇನಲ್ಲ, ಕೇಳೂದೇನೈತಿ. ಅದಕ್ಕ ಒಂಚೂರ ನೋಡ್ಕೋತ ಕುಂತೆ."

ನಾನು ಅವರ ಕೈ ಹಿಡಿದುಕೊಂಡೆ. ಎದುರಿಗೆ ಕೂತಿದ್ದ ಅಪರಿಚಿತ ಹೆಂಗಸೊಬ್ಬಳು ನಮ್ಮನ್ನು ನೋಡಿ, ಆ ಊರಿನಲ್ಲಿ ಮೊದಲ ಬಾರಿಗೆ, ನಕ್ಕಳು.

ಮತ್ತೆ ಮೂಡಲಗಿ

ಒಂದೆರಡು ವರ್ಷ ಕಳೆದ ಮೇಲೆ ನಮ್ಮ ಕಡೆಯ ಕಂಪನಿಯೊಂದೂ ಅಂಥ ಬಾಗಿಲು ತೆರೆಯಿತು. ಈಗ ನಾಗನೂರಿನ, ಮಮದಾಪುರದ ಕೆಲವು ಮನೆಗಳಿಗೆ, ಊರೂರು ತಿರುಗುವ ನಮ್ಮ ವ್ಯಾಪಾರಿಗಳಿಗೆ ಸಂಜೆಯ ಸಂದೇಶ ಹೋಗುತ್ತದೆ. ಪ್ರತಿದಿನ ಕೇಳುವುದು ಕಿರಿಕಿರಿಯೆಂದು ಅವರೆಲ್ಲ ಒಮ್ಮೆಗೇ ಹೌದೆಂದು ಹೇಳಿಟ್ಟಿದ್ದಾರೆ. ಬೇಡವೆನಿಸಿದಾಗ ತೆಗೆದುಹಾಕಬಹುದು.

ಅತ್ತೆಗೂ ಹಾಗೆ ಮಾಡಿಕೊಡಲು ಹೋದೆ. "ನೀವಂತೂ ಮನಿ ಬಿಟ್ಟು ಎಲ್ಲೂ ಹೋಗೂದಿಲ್ರಿ ಅತ್ತಿ. ಒಮ್ಮೆ ಹೂಂ ಅಂದುಬಿಡ್ರಿ, ಮತ್ತ ಕೇಳೂದಿಲ್ಲ."

"ಬ್ಯಾಡ," ಎಂದರು. "ದಿನಾ ಕೇಳ್ಲಿ."

ಹಾಗಾಗಿ ದಿನವೂ ಸಂಜೆ ಅಡಿಗೆ ಮನೆಯಲ್ಲಿ ಆ ಫೋನು ಟಿಣ್ ಎನ್ನುತ್ತದೆ. ನಾನು ಪಡಸಾಲೆಯಲ್ಲಿ ಹುಡುಗರ ಉತ್ತರಪತ್ರಿಕೆ ತಿದ್ದುತ್ತಿರುತ್ತೇನೆ, ನಡುವೆ ಒಂದೇ ಗೋಡೆ. ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನನ್ನ ಹೆಸರನ್ನು ಪೂರ್ತಿ ನೋಡಿ ಒಂದನ್ನು ಒತ್ತುತ್ತಾರೆ. ಅದೂ ಸಾಲದೆಂದು ಅಲ್ಲಿಂದಲೇ ಕೂಗುತ್ತಾರೆ:

"ಇಲ್ಲೇ ಅದೇನ್ವಾ ಸುನಂದಾ! ಬಾ, ಉಣ್ಣೂಣು."